ಗೋಡಂಬಿ ಯಂತ್ರದೊಳಗೆ ಟಿಬಿಬಿ: 2017ರಿಂದ ಬಳಸಿದವನ ಅನುಭವ

ನಾನು ಗೋಡಂಬಿ ವಿಂಗಡಿಸುವ ಯಂತ್ರಕ್ಕೆ ಸಿ++ನಲ್ಲಿ ಪ್ರೋಗ್ರಾಂ ಬರೆಯುತ್ತೇನೆ. ಬೆಲ್ಟ್ ಮೇಲೆ ಗೋಡಂಬಿ ಓಡುತ್ತದೆ, ಕ್ಯಾಮೆರಾ ಚಿತ್ರ ತೆಗೆಯುತ್ತದೆ, ಪ್ರೋಗ್ರಾಂ ಇದು ಡಬ್ಲ್ಯೂ 240, ಇದು ಡಬ್ಲ್ಯೂ 320 ಎಂದು ತೀರ್ಮಾನಿಸುತ್ತದೆ, ಗಾಳಿ ವಾಲ್ವ್ ಫುಸ್ ಎಂದು ಊದಿ ಅದರದರ ಡಬ್ಬಕ್ಕೆ ತಳ್ಳುತ್ತದೆ. (ಈ ಅಂಕೆ ಒಂದು ಪೌಂಡಿಗೆ ಎಷ್ಟು ಗೋಡಂಬಿ ಎಂಬ ಲೆಕ್ಕ. ಅಂಕೆ ಚಿಕ್ಕದಾದಷ್ಟೂ ಗೋಡಂಬಿ ದಪ್ಪ, ಬೆಲೆಯೂ ಜಾಸ್ತಿ.) ಎಲ್ಲವೂ ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ಕೆಲಸವನ್ನು ಪ್ರೊಸೆಸರಿನ ಎಲ್ಲ ಕೋರ್‌ಗಳಿಗೂ ಹಂಚದೆ ಬೇರೆ ದಾರಿಯಿಲ್ಲ. ಹಂಚುವ ಕೆಲಸಕ್ಕೆ 2017ರಿಂದ ಬಳಸುತ್ತಿರುವುದು ಇಂಟೆಲ್ ಶುರು ಮಾಡಿದ ಟಿಬಿಬಿ (ಥ್ರೆಡಿಂಗ್ ಬಿಲ್ಡಿಂಗ್ ಬ್ಲಾಕ್ಸ್) ಎಂಬ ಲೈಬ್ರರಿ, ಅಂದರೆ ಪ್ರೋಗ್ರಾಂಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್. ಈಗ ಅದರ ಹೆಸರು ಒನ್‌ಟಿಬಿಬಿ.

ಅದಕ್ಕೂ ಮೊದಲು ಹಳೆಯ ಪಿಥ್ರೆಡ್ಸ್-ವಿನ್32 ಇತ್ತು. ಲಿನಕ್ಸ್ ಮಾದರಿಯ ಥ್ರೆಡ್‌ಗಳನ್ನು (ಪ್ರೋಗ್ರಾಂ ಒಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ವಿಂಡೋಸ್‌ನಲ್ಲಿ ಕೊಡುವ ಲೈಬ್ರರಿ ಅದು. ಲಿನಕ್ಸ್ ಕೋಡನ್ನು ಹಾಗೇ ವಿಂಡೋಸ್‌ಗೆ ತರಬಹುದಲ್ಲ ಎಂಬ ಆಸೆ. ಡಿಎಲ್‌ಎಲ್ (ಪ್ರತ್ಯೇಕ ಲೈಬ್ರರಿ ಫೈಲ್) ಕಾಟ ಬೇಡವೆಂದು ಸ್ಟ್ಯಾಟಿಕ್ ಆಗಿ, ಅಂದರೆ ನಮ್ಮ ಪ್ರೋಗ್ರಾಂ ಫೈಲ್ ಒಳಗೇ ಸೇರುವಂತೆ, ಲಿಂಕ್ ಮಾಡಿ ಮರೆತೂಬಿಟ್ಟಿದ್ದೆ. ಒಂದು ದಿನ ಗಿರಾಕಿಯೊಬ್ಬರ ವಕೀಲರು, ನಿಮ್ಮ ಪ್ರೋಗ್ರಾಂ ಒಳಗೆ ಯಾರ್ಯಾರ ಕೋಡ್ ಇದೆ, ಪಟ್ಟಿ ಕಳಿಸಿ ಎಂದರು. ಪಿಥ್ರೆಡ್ಸ್-ವಿನ್32, ಲೈಸೆನ್ಸ್ ಎಲ್‌ಜಿಪಿಎಲ್ ಎಂದು ಬರೆದು ಕಳಿಸಿದೆ. ಮಧ್ಯಾಹ್ನವೇ ಫೋನ್ ಬಂತು.

"ಸಾರ್, ಈ ಲೈಬ್ರರಿಯನ್ನು ನಾವು ತಿದ್ದಿ ಮತ್ತೆ ಜೋಡಿಸಿಕೊಳ್ಳೋಕೆ ದಾರಿ ಕೊಟ್ಟಿದ್ದೀರಾ?"

ಕೊಟ್ಟಿರಲಿಲ್ಲ. ಎಲ್‌ಜಿಪಿಎಲ್ ಕೇಳುವುದೇ ಅದನ್ನು. ಡಿಎಲ್‌ಎಲ್ ಆಗಿದ್ದರೆ ಆ ಒಂದು ಫೈಲ್ ಬದಲಿಸಿದರೆ ಆಯಿತು. ಸ್ಟ್ಯಾಟಿಕ್ ಆದರೆ ನಮ್ಮ ಆಬ್ಜೆಕ್ಟ್ ಫೈಲ್‌ಗಳನ್ನಾದರೂ (ಕಂಪೈಲ್ ಆಗಿ ಇನ್ನೂ ಜೋಡಿಸದ ತುಂಡುಗಳು) ಕೊಡಬೇಕು. ಎರಡು ರಾತ್ರಿ ಕೂತು ಅದೆಲ್ಲವನ್ನೂ ಜಿಪ್ ಮಾಡಿ ಕೊಟ್ಟೆ. ಅದನ್ನು ಅವರು ತೆರೆದೇ ನೋಡಿಲ್ಲ ಎಂದು ನನ್ನ ಅನುಮಾನ. ಆಮೇಲೆ ಆ ಲೈಬ್ರರಿಯ 3ನೇ ಆವೃತ್ತಿ, ಇಂಥ ಷರತ್ತಿಲ್ಲದ ಅಪಾಚೆ 2.0 ಲೈಸೆನ್ಸ್‌ಗೆ ಬಂತು. ಅಷ್ಟರಲ್ಲಿ ನಾವು ಟಿಬಿಬಿಗೆ ಮನೆ ಬದಲಿಸಿ ಆಗಿತ್ತು.

ಟಿಬಿಬಿಯನ್ನೇ ಮೊದಲು ಯಾಕೆ ತೆಗೆದುಕೊಳ್ಳಲಿಲ್ಲ? ಅದು 2007ರಲ್ಲಿ ಓಪನ್ ಸೋರ್ಸ್ ಆದಾಗ ಲೈಸೆನ್ಸ್ ಜಿಪಿಎಲ್ 2, ಅಂದರೆ ಅದರ ಕೋಡ್ ಸೇರಿಸಿಕೊಂಡು ಹಂಚುವ ಪ್ರೋಗ್ರಾಂ ಕೂಡ ಜಿಪಿಎಲ್ ಆಗಬೇಕು ಎನ್ನುವಂಥದ್ದು. ಜೊತೆಗೆ ಒಂದು ವಿನಾಯಿತಿ ಇತ್ತು: ಅದನ್ನು ಬಳಸಿದ ಮಾತ್ರಕ್ಕೆ ನಿಮ್ಮ ಕೋಡ್ ಜಿಪಿಎಲ್ ಆಗುವುದಿಲ್ಲ ಅಂತ. ಆದರೆ ನಮ್ಮ ಯಜಮಾನರಿಗೆ ಮೊದಲ ಮೂರಕ್ಷರ ಕಂಡಿತು, ವಿನಾಯಿತಿ ಕಾಣಲಿಲ್ಲ. ಮುಂದೆ ‘2017’ ಎಂಬ ಹೆಸರಿನ ಆವೃತ್ತಿಯಿಂದ ಅಪಾಚೆ 2.0 ಆಯಿತು. ಈಗ ಇನ್‌ಸ್ಟಾಲರ್ ಜೊತೆ ಲೈಸೆನ್ಸ್ ಪ್ರತಿ ಇಟ್ಟರೆ ಸಾಕು. ಪೇಟೆಂಟ್ ಬಗ್ಗೆಯೂ ಅದರಲ್ಲೇ ಸ್ಪಷ್ಟ ಮಾತಿದೆ. ವಕೀಲರ ಫೋನ್ ಮತ್ತೆ ಬಂದಿಲ್ಲ. ನಿಮ್ಮ ಪ್ರೋಗ್ರಾಂ ಬರೀ ಜಿಪಿಎಲ್ 2ರಲ್ಲಿದ್ದರೆ ಮಾತ್ರ ಹುಷಾರು: ಅಪಾಚೆ 2.0 ಅದಕ್ಕೆ ಹೊಂದುವುದಿಲ್ಲ ಎನ್ನುವುದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ನಿಲುವು. ಜಿಪಿಎಲ್ 3ಕ್ಕೆ ತೊಂದರೆಯಿಲ್ಲ.

ಇನ್ನು ವೇಗ. ಒಂದು ಸರಳ ಲೂಪನ್ನು ಸಮನಾಗಿ ಹಂಚುವ ಕೆಲಸದಲ್ಲಿ ಓಪನ್‌ಎಂಪಿ (ಕಂಪೈಲರ್‌ಗೇ ಸೂಚನೆ ಕೊಟ್ಟು ಲೂಪ್ ಹಂಚಿಸುವ ಪದ್ಧತಿ) ನಮ್ಮಲ್ಲಿ ಯಾವಾಗಲೂ ಒಂದು ಕೂದಲೆಳೆ ಮುಂದಿತ್ತು. ಬರೆಯುವುದೂ ಸಲೀಸು, ಒಂದೇ ಸಾಲು. ಜಿಸಿಸಿ ಕಂಪೈಲರ್ ಜೊತೆ ಬರುವ ಅದರ ಲೈಬ್ರರಿಗೆ ಜಿಪಿಎಲ್ 3 ಇದ್ದರೂ ರನ್‌ಟೈಮ್ ವಿನಾಯಿತಿ ಇದೆ. ಇನ್ನೊಂದು ಕಂಪೈಲರ್ ಎಲ್‌ಎಲ್‌ವಿಎಂನದ್ದು ಹೇಗೂ ಅಪಾಚೆ. ಹಾಗಾದರೆ ಅದನ್ನೇ ಹಾಕಬಹುದಿತ್ತಲ್ಲ? ಹಾಕಿದ್ದೆವು. ಯಂತ್ರದ ಡಬ್ಬದೊಳಗಿನ ಕಂಪ್ಯೂಟರಿಗೆ ಫ್ಯಾನ್ ಇಲ್ಲ, ಗೋಡಂಬಿ ಹುಡಿ ಒಳಗೆ ಹೋಗಬಾರದು ಎಂದು. ಬೆಲ್ಟ್ ಅರ್ಧ ಖಾಲಿ ಓಡುತ್ತಿದ್ದರೂ ಅದು ಕೈ ಇಡಲಾಗದಷ್ಟು ಕಾಯುತ್ತಿತ್ತು. ಟಾಸ್ಕ್ ಮ್ಯಾನೇಜರ್ ನೋಡಿದರೆ ಎಂಟೂ ಕೋರ್ ನೂರಕ್ಕೆ ನೂರು. ಕಾರಣ ಸಿಗಲು ಎರಡು ದಿನ ಬೇಕಾಯಿತು. ನಾವು ಬಳಸಿದ ಎಲ್‌ಎಲ್‌ವಿಎಂ ಓಪನ್‌ಎಂಪಿಯಲ್ಲಿ, ಕೆಲಸ ಮುಗಿದ ಥ್ರೆಡ್ ತಕ್ಷಣ ಮಲಗುವುದಿಲ್ಲ. ಮುಂದಿನ ಕೆಲಸ ಬಂದೀತೆಂದು 200 ಮಿಲಿಸೆಕೆಂಡ್ ಸುಮ್ನೆ ಗಿರಕಿ ಹೊಡೆಯುತ್ತಾ ಕಾಯುತ್ತದೆ. ನಮ್ಮ ಚಿತ್ರಗಳು ಅದಕ್ಕಿಂತ ಬೇಗ ಬೇಗ ಬರುತ್ತವೆ. ಅಂದರೆ ಅದು ಮಲಗುವುದೇ ಇಲ್ಲ! ಹೀಗೆ ಕಾಯುವ ಹೊತ್ತಿನ ಸೆಟ್ಟಿಂಗ್ ಆದ ಕೆಎಂಪಿ_ಬ್ಲಾಕ್‌ಟೈಮ್ ಸೊನ್ನೆ ಮಾಡಿದೆವು. ಬಿಸಿ ಇಳಿಯಿತು, ಆದರೆ ಪ್ರತಿ ಸಲ ಎಬ್ಬಿಸುವ ಹೊತ್ತು ಸೇರಿ ಆ ಕೂದಲೆಳೆ ಲಾಭ ಹೋಯಿತು.

ಅದಕ್ಕಿಂತ ದೊಡ್ಡ ತಲೆನೋವು ಒಳಗೊಳಗೆ ಹಂಚುವುದು. ನಮ್ಮ ಲೂಪ್ ಎಂಟು ಥ್ರೆಡ್ ಎಬ್ಬಿಸುತ್ತದೆ, ಒಳಗೆ ಕರೆದ ಓಪನ್‌ಸಿವಿ (ಚಿತ್ರ ಪರಿಶೀಲಿಸುವ ಲೈಬ್ರರಿ) ತನ್ನದೇ ಎಂಟನ್ನು ಎಬ್ಬಿಸುತ್ತದೆ. ಎಂಟು ಕೋರ್‌ಗೆ ಹದಿನಾರು ಜನ ಜಗಳ. ಓಪನ್‌ಸಿವಿಯನ್ನೂ ಟಿಬಿಬಿ ಜೊತೆ ಬಿಲ್ಡ್ ಮಾಡಿದರೆ ಇಬ್ಬರಿಗೂ ಒಂದೇ ಆಳುಗಳ ಗುಂಪು. ಖಾಲಿ ಕೂತ ಥ್ರೆಡ್ ಪಕ್ಕದವನ ಸಾಲಿನಿಂದ ಕೆಲಸ ಕದ್ದುಕೊಂಡು ಮಾಡುತ್ತದೆ. ಗೋಡಂಬಿ ಒಂದು ಕಡೆ ಗುಂಪಾಗಿ, ಇನ್ನೊಂದು ಕಡೆ ಚದುರಿ ಬಿದ್ದಾಗ ಇದರ ಬೆಲೆ ಗೊತ್ತಾಗುತ್ತದೆ. ನಾನು ಟಿಬಿಬಿಯಲ್ಲೇ ಉಳಿದದ್ದು ಈ ಒಂದು ಗುಣಕ್ಕೆ.

ಎಡವಿದ್ದೂ ಇದೆ. ಉಳಿಸಿಟ್ಟ ಚಿತ್ರಗಳ ಮೇಲೆ ಪರೀಕ್ಷೆ ಓಡಿಸುವಾಗ ಒಂದೇ ಗೋಡಂಬಿ ಬೆಳಿಗ್ಗೆ 240, ಸಂಜೆ 320 ಆಯಿತು. ಕ್ಯಾಮೆರಾ ಇಲ್ಲ, ಬೆಲ್ಟ್ ಇಲ್ಲ, ಅದೇ ಚಿತ್ರ. ದೆವ್ವ ಹಿಡಿದಿದೆ ಅಂದುಕೊಂಡೆ. ಟಿಬಿಬಿಯ ಪ್ಯಾರಲಲ್ ರೆಡ್ಯೂಸ್‌ನಲ್ಲಿ (ತುಂಡು ತುಂಡಾಗಿ ಲೆಕ್ಕ ಮಾಡಿ ಒಟ್ಟು ತೆಗೆಯುವುದು) ಭಾಗಗಳನ್ನು ಕೂಡಿಸುವ ಕ್ರಮ ಪ್ರತಿ ಸಲ ಬೇರೆಯಾಗಬಹುದು. ದಶಮಾಂಶ ಸಂಖ್ಯೆಗಳಲ್ಲಿ ಕ್ರಮ ಬದಲಾದರೆ ಕೊನೆಯ ಅಂಕಿ ಬದಲಾಗಬಹುದು. ಈ ಗೋಡಂಬಿ ಸರಿಯಾಗಿ ಗಡಿಗೆರೆಯ ಮೇಲೆ ಕೂತಿತ್ತು. ಇದಕ್ಕೆಂದೇ, ಪ್ರತಿ ಸಲ ಒಂದೇ ಕ್ರಮದಲ್ಲಿ ಕೂಡಿಸುವ ‘ಡಿಟರ್ಮಿನಿಸ್ಟಿಕ್ ರೆಡ್ಯೂಸ್’ ಎಂಬ ಇನ್ನೊಂದು ಇದೆ, ಕೈಪಿಡಿಯಲ್ಲೂ ಬರೆದಿದೆ. ಓದದ್ದು ನನ್ನ ತಪ್ಪು.

2021ರ ಆವೃತ್ತಿಗೆ ಹೋಗುವಾಗ ಒಂದು ವಾರ ಹಿಡಿಯಿತು. ಹಳೆಯ ಟಾಸ್ಕ್ ಕ್ಲಾಸ್, ಶೆಡ್ಯೂಲರ್ ಇನಿಟ್ ಎಂಬ ಎರಡು ಭಾಗಗಳನ್ನೂ ತೆಗೆದಿದ್ದಾರೆ, ಡಿಎಲ್‌ಎಲ್ ಹೆಸರೂ ಟಿಬಿಬಿ12 ಆಗಿದೆ. ಸ್ಟ್ಯಾಟಿಕ್ ಲಿಂಕ್ ಮಾಡಲು ಹೊರಟರೆ ಬಿಲ್ಡ್ ಆಗುವಾಗಲೇ ಇದಕ್ಕೆ ಬೆಂಬಲವಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಸರಿಯೇ, ಟಿಬಿಬಿಯ ಎರಡು ಪ್ರತಿ ಒಳಗೆ ಬಂದರೆ ಮತ್ತೆ ಅದೇ ಹದಿನಾರು ಜನರ ಜಗಳ. ಹಾಗಾಗಿ ಒಂದೇ ಫೈಲ್‌ನಲ್ಲಿ ಎಲ್ಲವೂ ಇರಬೇಕು ಎನ್ನುವವರಿಗೆ ಇದು ಆಗಿಬರುವುದಿಲ್ಲ.

ನಿಮ್ಮದು ನಾಲ್ಕು ಲೂಪಿನ ಪ್ರೋಗ್ರಾಂ ಆದರೆ ಓಪನ್‌ಎಂಪಿ ಸಾಕು, ಟಿಬಿಬಿ ಅತಿಯಾಯಿತು. ಎರಡು ಥ್ರೆಡ್ ಮಾತ್ರ ಬೇಕಿದ್ದರೆ ಸಿ++11ರ ಸ್ಟ್ಯಾಂಡರ್ಡ್ ಥ್ರೆಡ್ ಇದೆಯಲ್ಲ. ನಮ್ಮ ವಾಲ್ವ್ ಊದುವ ಥ್ರೆಡ್ ಇವತ್ತಿಗೂ ಅದರಲ್ಲೇ ಇದೆ, ಟಿಬಿಬಿಗೆ ಕೊಟ್ಟಿಲ್ಲ. ಊದುವ ಹೊತ್ತಿಗೆ ಅದು ಯಾರ ಸರತಿಗೂ ಕಾಯುವಂತಿಲ್ಲ. ಉಳಿದದ್ದಕ್ಕೆಲ್ಲ ಟಿಬಿಬಿ. 5ಕ್ಕೆ 4 ಕೊಡುತ್ತೇನೆ.