ಇಂಡಕ್ಷನ್, ರೈಸ್ ಕುಕ್ಕರ್, ಸಣ್ಣ ಗ್ಯಾಸ್: ಅಡುಗೆ ಬಾರದವರಿಗೆ ಯಾವುದು?

ನನ್ನ ಓಟು 5 ಕೆಜಿ ಗ್ಯಾಸ್ ಸಿಲಿಂಡರ್‌ಗೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಾಂದ್ರೆ ಮುಂದೆ ಇಂಡಕ್ಷನ್ನನ್ನು ಬೈಯುವಾಗ ಪಕ್ಷಪಾತ ಅಂತೀರಿ. ಕಲಬುರಗಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ಇರೋದು ನಾನೊಬ್ಬನೇ. ಚಹಾ ಬಿಟ್ಟರೆ ಬೇರೇನೂ ಮಾಡಲು ಬರುತ್ತಿರಲಿಲ್ಲ. ದಿನಾ ಖಾನಾವಳಿ ಊಟ ಬೇಸರವಾಗಿ, ಈ ಮೂರರ ಮೇಲೂ ಕೈ ಆಡಿಸಿ ನೋಡಿದ್ದೇನೆ.

ರೈಸ್ ಕುಕ್ಕರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅನ್ನ, ಖಿಚಡಿ ಚೆನ್ನಾಗಿ ಆಗುತ್ತೆ. ಗುಂಡಿ ಒತ್ತಿ ಸ್ನಾನಕ್ಕೆ ಹೋಗಬಹುದು. ಆದರೆ ನಾನು ಎರಡು ಹೊತ್ತೂ ರೊಟ್ಟಿ ಬೇಕೆನ್ನುವವನು. ರೊಟ್ಟಿ ಬಡಿಯೋದು ಇನ್ನೂ ಬರೋಲ್ಲ, ಕೊಂಡು ತರುತ್ತೇನೆ. ಅದರ ಜೊತೆಗೆ ಬೇಳೆ, ಪಲ್ಯ ಆದರೆ ಸಾಕು. ಆ ಲೆಕ್ಕದಲ್ಲಿ ರೈಸ್ ಕುಕ್ಕರ್ ನನಗೆ ಅರ್ಧ ಉಪಯೋಗ ಮಾತ್ರ.

ಇಂಡಕ್ಷನ್ ಕೊಂಡಾಗ ಎಲ್ಲರೂ ಹೊಗಳಿದರು. ಸಿಲಿಂಡರ್ ಹೊರುವ ಕಷ್ಟ ಇಲ್ಲ, ಒರೆಸಿದರೆ ಸ್ವಚ್ಛ. ಮೊದಲ ತಕರಾರು ಗೋಡೆಯಿಂದಲೇ ಶುರುವಾಯಿತು. ಅದರ ಪ್ಲಗ್ 16 ಆಂಪಿಯರ್‌ದು, ದಪ್ಪ ಕಡ್ಡಿಗಳದ್ದು. ನಮ್ಮ ಕೋಣೆಯಲ್ಲಿ ಅಂಥ ಪಾಯಿಂಟ್ ಇದ್ದದ್ದು ಬಚ್ಚಲಲ್ಲಿ, ಗೀಸರ್‌ಗೆ! ಎಲೆಕ್ಟ್ರಿಷಿಯನ್ ಕರೆಸಿ ಹೊಸ ವೈರ್ ಎಳೆಸಬೇಕಾಯಿತು. ಆಮೇಲೆ ಪಾತ್ರೆ. ಅವ್ವ ಕಳಿಸಿದ ಅಲ್ಯೂಮಿನಿಯಂ ಕುಕ್ಕರ್ ಇಟ್ಟರೆ ಬೀಪ್ ಬೀಪ್ ಅಂತ ಕೂಗಿ ಬಂದ್ ಆಗುತ್ತೆ. ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಆ ಪಾತ್ರೆ ನಡೆಯುತ್ತೆ. ಅಂದರೆ ಒಲೆಯ ಜೊತೆಗೆ ಕುಕ್ಕರ್, ಬಾಣಲೆ, ತವಾ ಎಲ್ಲ ಹೊಸದು. ಅಗ್ಗದ ಒಲೆ ಅಲ್ಲಿಗೇ ದುಬಾರಿ ಆಯಿತು.

ಅದನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ಸೀಟಿಯ ತಂಟೆ. ಫೋನ್ ಮಾಡಿ, "ಅವ್ವಾ, ಬ್ಯಾಳಿಗಿ ಎಷ್ಟ್ ಸೀಟಿ?" ಅಂದರೆ, "ಮೂರ್ ಆದ್ರ ಸಾಕಪ್ಪಾ, ಆಮ್ಯಾಲ ಸಣ್ಣ ಉರಿ ಮಾಡಿ ಬಿಡು" ಅನ್ನುತ್ತಾಳೆ. ಇಂಡಕ್ಷನ್ ಮೇಲೆ ಆ ಮೂರು ಸೀಟಿ ಒಂದರ ಬೆನ್ನಿಗೆ ಒಂದು ಬಂದುಬಿಡುತ್ತವೆ. ಮುಚ್ಚಳ ತೆಗೆದರೆ ಮೇಲೆ ನೀರು ನೀರು, ಕೆಳಗೆ ಬೇಳೆ ಹಾಗೇ ಕೂತಿರುತ್ತೆ. ಬೆರಳಲ್ಲಿ ಹಿಚುಕಿದರೆ ಹೊರಗೆ ಮೆತ್ತಗೆ, ನಡುವೆ ಗಟ್ಟಿ ಬಿಳಿ ಚುಕ್ಕೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಆಯಾ ಊರಿನ ವಿಶೇಷ ಪದಾರ್ಥಕ್ಕೆ ಕೊಡುವ ಗುರುತು) ಸಿಕ್ಕಿದೆ, ಬೇಳೆಯನ್ನಂತೂ ಬೈಯುವ ಹಾಗಿಲ್ಲ!

ಕಾರಣ ಆಮೇಲೆ ತಿಳಿಯಿತು. ಒಳಗಿನ ಒತ್ತಡ ಜಾಸ್ತಿಯಾದಾಗ ಆವಿ ಹೊರಗೆ ಬಿಡೋದೇ ಸೀಟಿ. ಅಷ್ಟೇ ಅದರ ಕೆಲಸ. ಬೇಳೆ ಬೇಯೋದು ಆ ಒತ್ತಡದಲ್ಲಿ ಎಷ್ಟು ಹೊತ್ತು ಇತ್ತು ಅನ್ನೋದರ ಮೇಲೆ. ಸಾಧಾರಣ ಗ್ಯಾಸ್ ಉರಿಯಲ್ಲಿ ಮೂರು ಸೀಟಿ ಅಂದರೆ ಒಂದಿಷ್ಟು ಹೊತ್ತು ಹಿಡಿಯುತ್ತೆ. ಅವ್ವನ ಲೆಕ್ಕ ಆ ಉರಿಯದು. ಇಂಡಕ್ಷನ್ನಿನ ಪೂರ್ತಿ ಶಕ್ತಿಗೆ ಅದು ಹೊಂದೋದಿಲ್ಲ.

ಹಾಗಾದರೆ ಕಡಿಮೆ ಮಾಡಿದರಾಯಿತು, ಅಲ್ವಾ? ನನ್ನ ಇಂಡಕ್ಷನ್ನಿನಲ್ಲಿ ಸಣ್ಣ ಉರಿ ಅನ್ನೋದೇ ಇಲ್ಲ. ಕಡಿಮೆಗೆ ಇಟ್ಟರೆ ಸ್ವಲ್ಪ ಹೊತ್ತು ಜೋರಾಗಿ ಕಾಯಿಸುತ್ತೆ, ಸ್ವಲ್ಪ ಹೊತ್ತು ಸುಮ್ನೆ ಇರುತ್ತೆ, ಮತ್ತೆ ಜೋರು. ಒಗ್ಗರಣೆಗೆ ಇದಕ್ಕಿಂತ ಕೆಟ್ಟದ್ದು ಬೇಡ. ನಡುವಿನ ಎಣ್ಣೆ ಮಾತ್ರ ಕಾದು, ಸಾಸಿವೆ ಸಿಡಿಯುವಷ್ಟರಲ್ಲಿ ಬೆಳ್ಳುಳ್ಳಿ ಕಪ್ಪು. ಹತ್ತುತ್ತಿದೆ ಅಂತ ಬಾಣಲೆ ಎತ್ತಿದಿರೋ, ಮತ್ತೆ ಬೀಪ್. ದುಂಡು ತಳದ ಒಗ್ಗರಣೆ ಸೌಟಂತೂ ಅದರ ಮೇಲೆ ನಿಲ್ಲೋದೂ ಇಲ್ಲ.

ಕೈ ಪಳಗಿದವರು ಇದನ್ನೆಲ್ಲ ಸಂಭಾಳಿಸುತ್ತಾರೆ. ಆದರೆ ಹೊಸಬನಿಗೆ ಅಡುಗೆ ಹೇಳಿಕೊಡುವವರೆಲ್ಲ ಉರಿಯ ಲೆಕ್ಕದಲ್ಲೇ ಹೇಳುತ್ತಾರೆ. ಪಕ್ಕದ ಮನೆಯ ವೈನಿ ಬಾಗಿಲಲ್ಲಿ ನಿಂತು, "ಉರಿ ಸಣ್ಣ ಮಾಡ್ರಿ, ಉಳ್ಳಾಗಡ್ಡಿ ಹತ್ತಾಕತ್ತೇದ" ಅಂದರೆ ಗ್ಯಾಸ್‌ನಲ್ಲಿ ಒಲೆಯ ನಾಬ್ ತಿರುವಿದರೆ ಸಾಕು. ಉರಿ ತಗ್ಗಿದ್ದು ಕಣ್ಣಿಗೆ ಕಾಣುತ್ತೆ. ಪುಂಡಿ ಪಲ್ಯ ನಾನು ಕಲಿತದ್ದು ಹೀಗೆ ಬಾಗಿಲಲ್ಲಿ ನಿಂತು ಹೇಳಿಸಿಕೊಂಡೇ. ಹಪ್ಪಳ ಸುಡೋದು, ತಂದ ರೊಟ್ಟಿ ಬಿಸಿ ಮಾಡೋದು, ಹಸಿಮೆಣಸಿನಕಾಯಿ ಸುಡೋದು, ಯಾವುದಕ್ಕೂ ತೊಂದರೆ ಇಲ್ಲ. ಅವ್ವನ ಹಳೇ ಕುಕ್ಕರ್ರೂ ಕೆಲಸಕ್ಕೆ ಬಂತು.

ಇಂಡಿಯನ್ ಆಯಿಲ್‌ನ 5 ಕೆಜಿ ಸಿಲಿಂಡರ್‌ಗೆ 'ಛೋಟು' ಅಂತ ಹೆಸರು. ಗುರುತಿನ ಚೀಟಿ ತೋರಿಸಿದರೆ ಸಿಗುತ್ತೆ, ವಿಳಾಸದ ದಾಖಲೆ ಕೇಳೋದಿಲ್ಲ. ಬಾಡಿಗೆಯವರಿಗೆ ಇದು ದೊಡ್ಡ ಅನುಕೂಲ. ಮನೆಗೆ ಬರುವ 14.2 ಕೆಜಿ ಸಿಲಿಂಡರ್‌ಗೆ ಹೋಲಿಸಿದರೆ ಕೆಜಿ ಲೆಕ್ಕದಲ್ಲಿ ದುಬಾರಿಯೇ. ಒಬ್ಬನ ಅಡುಗೆಗೆ ನನಗೆ ಭಾರ ಅನ್ನಿಸಿಲ್ಲ. ಬೀದಿ ಬದಿಯಲ್ಲಿ ದೊಡ್ಡ ಸಿಲಿಂಡರ್‌ನಿಂದ ಸಣ್ಣದಕ್ಕೆ ತುಂಬಿಕೊಡುವವರ ಹತ್ತಿರ ಮಾತ್ರ ಹೋಗಬೇಡಿ. ನೂರಿನ್ನೂರು ಉಳಿಸಲು ಹೋಗಿ ಮನೆ ಸುಟ್ಟುಕೊಳ್ಳುವ ಕೆಲಸ ಅದು.

ಗ್ಯಾಸ್‌ನ ಕೆಟ್ಟ ಗುಣ ಒಂದೇ, ಮೇ ತಿಂಗಳು. ಹೊರಗೆ 42, 43 ಡಿಗ್ರಿ. ಫ್ಯಾನ್ ಹಾಕಿದರೆ ಉರಿ ಅಲ್ಲಾಡುತ್ತೆ, ಆರಿಸಿದರೆ ಬೆವರು ಇಳಿದು ಅಂಗಿ ಮೈಗೆ ಅಂಟುತ್ತೆ. ಆಗ ಇಂಡಕ್ಷನ್ ನೆನಪಾಗುತ್ತೆ, ನಿಜ. ಆದರೆ ಬೇಸಿಗೆಯಲ್ಲೇ ಕರೆಂಟ್ ಹೋಗೋದೂ ಜಾಸ್ತಿ.

ಕರೆಂಟ್ ಖರ್ಚಿನ ಮಾತು ಬಂದರೆ ನಿಮ್ಮ ಮೀಟರ್ ನೋಡಿಕೊಳ್ಳಿ. ಬೇರೆ ಮೀಟರ್ ಇದ್ದು, ಗೃಹಜ್ಯೋತಿಯಲ್ಲಿ ನಿಮಗೆ ಸಿಗುವ ಯೂನಿಟ್ ಒಳಗೆ ಮುಗಿದರೆ ಇಂಡಕ್ಷನ್ ಪುಕ್ಕಟೆ ಇದ್ದ ಹಾಗೆ. ನಮ್ಮಲ್ಲಿ ಮೇಲೆ ಕೆಳಗೆ ಎಲ್ಲ ಕೋಣೆಗೂ ಒಂದೇ ಮೀಟರ್, ತಿಂಗಳ ಕೊನೆಗೆ ಮಾಲೀಕರ ಗೊಣಗಾಟ ಬೇರೆ.

ಒಲೆ ಯಾವುದಾದರೂ ಇರಲಿ, ತೊಗರಿಬೇಳೆ ಅರ್ಧ ಗಂಟೆ ನೆನೆಸಿ. ಹುಣಸೆಹುಳಿ, ಟೊಮೆಟೊ ಎರಡನ್ನೂ ಬೇಳೆ ಬೆಂದ ಮೇಲೆ ಹಾಕಿ, ಹುಳಿ ಮೊದಲೇ ಬಿದ್ದರೆ ಬೇಳೆ ಬೇಗ ಮೆತ್ತಗಾಗೋದಿಲ್ಲ. ನಮ್ಮ ಓಣಿಯ ಬೋರ್ ನೀರಿನ ಹಾಗೆ ಬಕೆಟ್ಟಿಗೆ ಬಿಳಿ ಕಲೆ ಕಟ್ಟುವ ಗಡಸು ನೀರಾದರೆ, ಬೇಳೆಗೆ ಕುಡಿಯುವ ನೀರನ್ನೇ ಬಳಸಿ. ಇಂಡಕ್ಷನ್ ಇರುವವರು ಸೀಟಿ ಎಣಿಸದೆ, ಮೊದಲ ಸೀಟಿ ಆದಮೇಲೆ ಕಡಿಮೆಗೆ ಇಟ್ಟು ಗಡಿಯಾರ ನೋಡಿ.

ನನ್ನ ಇಂಡಕ್ಷನ್ ಮಾರಿಲ್ಲ, ಹಾಲು ಕಾಯಿಸಲು ಇದೆ. ರೈಸ್ ಕುಕ್ಕರ್ ತಮ್ಮನ ಹಾಸ್ಟೆಲಿಗೆ ಹೋಯಿತು.