ಆಂಡ್ರಾಯ್ಡ್‌ನ ಶೇಪ್ ಫೈಲ್‌ಗಳು: ಎಂಟು ವರ್ಷ ಬಳಸಿದ ಮೇಲೆ

2017ರಿಂದ ಆಂಡ್ರಾಯ್ಡ್ ಆ್ಯಪ್‌ಗಳ ಸ್ಕ್ರೀನ್ ಕಟ್ಟುವುದೇ ನನ್ನ ಕೆಲಸ. ಲೇಔಟ್ ಬರೆಯುವ ಪದ್ಧತಿ ನನ್ನ ಕಣ್ಣೆದುರೇ ಬದಲಾಗಿದೆ, ಭಾಷೆಯೂ ಜಾವಾದಿಂದ ಕಾಟ್ಲಿನ್‌ಗೆ ಬಂತು. ಮೊದಲ ವಾರ ಕಲಿತು ಇವತ್ತಿಗೂ ಬಳಸುತ್ತಿರುವ ವಸ್ತು ಅಂದರೆ ಈ ಶೇಪ್ ಫೈಲ್ ಒಂದೇ. ಹಾಗಾಗಿ ಇದರ ಬಗ್ಗೆ ಸಮಾಧಾನವಾಗಿ ಒಮ್ಮೆ ಬರೆಯೋಣ ಅನ್ನಿಸಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಬಟನ್, ಕಾರ್ಡ್‌ಗಳ ಹಿಂದಿನ ಆಕಾರ ಮತ್ತು ಬಣ್ಣವನ್ನು ಚಿತ್ರವಿಲ್ಲದೆ ಬರಹದಲ್ಲೇ ಹೇಳುವ ಫೈಲ್ ಇದು. ಡ್ರಾಯಬಲ್ ಫೋಲ್ಡರ್‌ನಲ್ಲಿ ಒಂದು ಪುಟ್ಟ ಎಕ್ಸ್‌ಎಮ್‌ಎಲ್ ಫೈಲ್ ಇಡುತ್ತೀರಿ. ಹೊರಗಿನ ಟ್ಯಾಗ್ ಶೇಪ್. ಒಳಗೆ ಬಣ್ಣ ತುಂಬಲು ಸಾಲಿಡ್, ಅಂಚಿನ ಗೆರೆಗೆ ಸ್ಟ್ರೋಕ್, ಮೂಲೆ ಗುಂಡಗೆ ಮಾಡಲು ಕಾರ್ನರ್ಸ್, ಬಣ್ಣದಿಂದ ಬಣ್ಣಕ್ಕೆ ಜಾರಲು ಗ್ರೇಡಿಯಂಟ್. ಜೊತೆಗೆ ಸೈಜ್ ಮತ್ತು ಪ್ಯಾಡಿಂಗ್. ಆಕಾರಗಳು ನಾಲ್ಕೇ: ರೆಕ್ಟ್ಯಾಂಗಲ್, ಓವಲ್, ಲೈನ್, ರಿಂಗ್. ಏನೂ ಹೇಳದಿದ್ದರೆ ರೆಕ್ಟ್ಯಾಂಗಲ್. ಈ ಫೈಲನ್ನು ಬಟನ್‌ಗೋ ಕಾರ್ಡ್‌ಗೋ ಬ್ಯಾಕ್‌ಗ್ರೌಂಡ್ ಎಂದು ಕೊಟ್ಟರೆ ಮುಗಿಯಿತು.

ನಾನು ಸೇರಿದಾಗ ನಮ್ಮ ಆ್ಯಪ್‌ನ ಬಟನ್‌ಗಳೆಲ್ಲ ಪಿಎನ್‌ಜಿ ಚಿತ್ರಗಳಾಗಿದ್ದವು. ಫೋನ್‌ಗಳ ಪರದೆ ಬೇರೆ ಬೇರೆ ಸಾಂದ್ರತೆಯವು ಅಲ್ವಾ, ಅದಕ್ಕೆ ಒಂದೊಂದು ಚಿತ್ರಕ್ಕೂ ಐದು ಪ್ರತಿ: 1 ಪಟ್ಟು, 1.5, 2, 3, 4 ಪಟ್ಟು. ಹನ್ನೆರಡು ಬಟನ್‌ಗೆ ಅರವತ್ತು ಫೈಲ್. ಒಂದು ದಿನ ಡಿಸೈನರ್ ಬಂದು, ಮೂಲೆಯ ಗುಂಡು 4 ಡಿಪಿ (ಪರದೆಯ ಸಾಂದ್ರತೆಗೆ ಅಂಟದ ಅಳತೆ) ಇದೆ, 8 ಮಾಡೋಣ ಅಂದರು. ಅರವತ್ತು ಚಿತ್ರಗಳನ್ನೂ ಹೊಸದಾಗಿ ಮಾಡಿಸಬೇಕಿತ್ತು. ನಾನು ಆ ಸಂಜೆ ಕೂತು ಅವನ್ನೆಲ್ಲ ತೆಗೆದು ಶೇಪ್ ಫೈಲ್ ಬರೆದೆ. ಮೂಲೆಯ ಅಳತೆಯನ್ನು ಅಳತೆಗಳಿಗೆಂದೇ ಇರುವ ಡೈಮೆನ್ಸ್ ಫೈಲ್‌ನಲ್ಲಿ ಒಂದೇ ಕಡೆ ಇಟ್ಟೆ. ಮುಂದಿನ ತಿಂಗಳು ಅದೇ ಡಿಸೈನರ್ 8 ಬೇಡ, 12 ಅಂದಾಗ ಒಂದು ಅಂಕಿ ತಿದ್ದಿದೆ, ಅಷ್ಟೇ. ಡಿಪಿಯಲ್ಲಿ ಬರೆದ ಅಳತೆಯನ್ನು ಫೋನೇ ತನ್ನ ಪರದೆಗೆ ತಕ್ಕಂತೆ ಪಿಕ್ಸೆಲ್ ಮಾಡಿಕೊಳ್ಳುತ್ತದೆ. ಯಾವ ಫೋನಿನಲ್ಲೂ ಅಂಚು ಮಸುಕಾಗಲಿಲ್ಲ.

ಇದಕ್ಕಿಂತಲೂ ದೊಡ್ಡ ಲಾಭ ನನಗೆ ನಿಧಾನವಾಗಿ ಅರ್ಥವಾಯಿತು. ಶೇಪ್ ಫೈಲನ್ನು ಓದಬಹುದು. ಚಿತ್ರ ಬದಲಾದರೆ ಕೋಡ್ ರಿವ್ಯೂನಲ್ಲಿ ಏನು ಬದಲಾಯಿತು ಅಂತ ಹೇಳುವುದು ಕಷ್ಟ. ಇಲ್ಲಿ 8 ಇದ್ದದ್ದು 12 ಆಗಿದೆ ಅಂತ ಸಾಲೇ ತೋರಿಸುತ್ತದೆ. ಮೂರು ವರ್ಷದ ಹಿಂದೆ ಈ ಅಂಚನ್ನು ಯಾಕೆ ದಪ್ಪ ಮಾಡಿದೆವು ಅಂತ ಯಾರಾದರೂ ಕೇಳಿದರೆ, ಆ ಸಾಲಿನ ಇತಿಹಾಸ ನೋಡಿ ಉತ್ತರ ಹೇಳಿದ್ದೇನೆ.

ಇನ್ನು ತೊಂದರೆಗಳು. ಇದರ ದೊಡ್ಡ ದೋಷ ಒಂದೇ, ಮಿಕ್ಕವೆಲ್ಲ ಅದರ ಮಕ್ಕಳು: ತಪ್ಪಾದಾಗ ಇದು ಬಾಯಿ ಬಿಡುವುದಿಲ್ಲ. ಟ್ಯಾಗಿನ ಗುಣದ ಹೆಸರು ತಪ್ಪಿದರೆ ಬಿಲ್ಡ್, ಅಂದರೆ ಕೋಡನ್ನು ಆ್ಯಪ್ ಆಗಿ ಕಟ್ಟುವ ಕೆಲಸ, ನಿಲ್ಲುತ್ತದೆ, ಅದು ಸರಿ. ಹೆಸರು ಸರಿಯಿದ್ದು ಅರ್ಥ ತಪ್ಪಿದರೆ ಮಾತ್ರ ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಸ್ಕ್ರೀನ್ ಮೇಲೆ ಏನೂ ಕಾಣುವುದಿಲ್ಲ, ಅಷ್ಟೇ.

ರಿಂಗ್ ಕಥೆ ಹೇಳುತ್ತೇನೆ. ಪ್ರೊಫೈಲ್ ಫೋಟೋ ಸುತ್ತ ತೆಳುವಾದ ಬಳೆಯಂಥ ಗೆರೆ ಬೇಕಿತ್ತು. ಒಳ ತ್ರಿಜ್ಯ 30 ಡಿಪಿ, ದಪ್ಪ 2 ಡಿಪಿ, ಬಣ್ಣ ಹಸಿರು. ರನ್ ಮಾಡಿದೆ. ಫೋಟೋ ಇದೆ, ಬಳೆ ಇಲ್ಲ. ಹಸಿರು ಹಿನ್ನೆಲೆಯಲ್ಲಿ ಮುಳುಗಿದೆಯೇನೋ ಅಂತ ಕೆಂಪು ಹಾಕಿದೆ. ತೆಳು ಜಾಸ್ತಿಯಾಯಿತೇನೋ ಅಂತ ದಪ್ಪ 10 ಮಾಡಿದೆ. ವ್ಯೂ (ಪರದೆ ಮೇಲೆ ಅದು ಕೂರುವ ಚೌಕಟ್ಟು) ಚಿಕ್ಕದಾಯಿತೇನೋ ಅಂತ ಅದನ್ನೂ ಹಿಗ್ಗಿಸಿದೆ. ಲಾಗ್‌ನಲ್ಲಿ ಒಂದಕ್ಷರವೂ ಇಲ್ಲ. ಎರಡು ಗಂಟೆಯ ಮೇಲೆ ಗೊತ್ತಾಯಿತು, ಶೇಪ್ ಟ್ಯಾಗ್‌ನಲ್ಲಿ ಯೂಸ್‌ಲೆವೆಲ್ ಅನ್ನುವ ಗುಣವನ್ನು ಫಾಲ್ಸ್ ಎಂದು ಬರೆಯಬೇಕಿತ್ತು. ಆಂಡ್ರಾಯ್ಡ್‌ನಲ್ಲಿ ಪ್ರತಿ ಡ್ರಾಯಬಲ್‌ಗೂ, ಅಂದರೆ ಪರದೆ ಮೇಲೆ ಬರೆಯುವ ಚಿತ್ರ ಅಥವಾ ಆಕಾರಕ್ಕೂ, ಲೆವೆಲ್ ಅನ್ನುವ ಒಂದು ಸಂಖ್ಯೆ ಇರುತ್ತದೆ, 0ಯಿಂದ 10000ದವರೆಗೆ. ಯೂಸ್‌ಲೆವೆಲ್ ಟ್ರೂ ಇದ್ದರೆ ರಿಂಗ್ ಆ ಸಂಖ್ಯೆಯ ಲೆಕ್ಕದಲ್ಲಿ ಅಷ್ಟೇ ಸುತ್ತು ಬರೆಯುತ್ತದೆ. 10000 ಇದ್ದರೆ ಪೂರ್ತಿ ಸುತ್ತು, 5000 ಇದ್ದರೆ ಅರ್ಧ. ನನ್ನ ಲೆವೆಲ್ ಸೊನ್ನೆ. ಹಾಗಾಗಿ ಸೊನ್ನೆ ಡಿಗ್ರಿಯ ಬಳೆಯನ್ನು ಅದು ಸರಿಯಾಗಿಯೇ ಬರೆದಿತ್ತು!

ಅದೇ ಗುಣ ಮುಂದೆ ನನ್ನ ಕೈ ಹಿಡಿಯಿತು ಅನ್ನುವುದನ್ನೂ ಹೇಳಬೇಕು. ಡೌನ್‌ಲೋಡ್ ಎಷ್ಟಾಯಿತು ಅಂತ ತೋರಿಸುವ ಗುಂಡನೆಯ ಪ್ರೋಗ್ರೆಸ್ ಬಾರ್‌ಗೆ ಯಾವ ಲೈಬ್ರರಿಯೂ ಬೇಕಾಗಲಿಲ್ಲ. ಹಾರಿಜಾಂಟಲ್ ಸ್ಟೈಲ್‌ನ ಪ್ರೋಗ್ರೆಸ್ ಬಾರ್ ತಾನೇ ಲೆವೆಲ್ ಬದಲಿಸುತ್ತಾ ಹೋಗುತ್ತದೆ. ಅದಕ್ಕೆ ಯೂಸ್‌ಲೆವೆಲ್ ಟ್ರೂ ಇರುವ ರಿಂಗ್ ಕೊಟ್ಟರೆ ಬಳೆ ತುಂಬುತ್ತಾ ಬರುತ್ತದೆ. ಸುತ್ತು ಶುರುವಾಗುವುದು ಗಡಿಯಾರದ ಮೂರು ಗಂಟೆಯ ಜಾಗದಿಂದ. ನೆತ್ತಿಯಿಂದ ಶುರುವಾಗಲಿ ಅಂದರೆ ರೊಟೇಟ್ ಟ್ಯಾಗ್‌ನೊಳಗೆ ಇಟ್ಟು 270 ಡಿಗ್ರಿ ತಿರುಗಿಸಬೇಕು. ಈಗ ನಾನು ರಿಂಗ್ ಬರೆದಾಗಲೆಲ್ಲ ಟ್ರೂ ಅಥವಾ ಫಾಲ್ಸ್ ಎರಡರಲ್ಲೊಂದನ್ನು ಬರೆದೇ ಬರೆಯುತ್ತೇನೆ. ಡಿಫಾಲ್ಟ್‌ಗೆ ಬಿಡುವುದಿಲ್ಲ.

ಲೈನ್ ಕೂಡ ಹೀಗೇ. ಇದು ವ್ಯೂ ಮಧ್ಯದಲ್ಲಿ ಅಡ್ಡಗೆರೆ ಎಳೆಯುತ್ತದೆ. ಸಾಲಿಡ್ ಬರೆದರೆ ಪ್ರಯೋಜನವಿಲ್ಲ, ಸ್ಟ್ರೋಕ್ ಬೇಕು. ವ್ಯೂ ಎತ್ತರ ಗೆರೆಯ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು, ಇಲ್ಲದಿದ್ದರೆ ಗೆರೆ ಮಾಯ. ತುಂಡು ತುಂಡು ಗೆರೆ ಬೇಕಾದರೆ ಡ್ಯಾಶ್‌ವಿಡ್ತ್ ಮತ್ತು ಡ್ಯಾಶ್‌ಗ್ಯಾಪ್ ಕೊಡುತ್ತೀರಿ. ಆದರೆ ಹಳೆಯ ಫೋನ್‌ಗಳಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ (ಗ್ರಾಫಿಕ್ಸ್ ಚಿಪ್ಪಿನಿಂದ ಬರೆಸುವುದು) ಇದ್ದಾಗ ತುಂಡುಗಳೆಲ್ಲ ಸೇರಿ ಒಂದೇ ಗೆರೆಯಾಗಿ ಕಾಣುತ್ತಿತ್ತು. ಆ ವ್ಯೂನ ಲೇಯರ್ ಟೈಪನ್ನು ಸಾಫ್ಟ್‌ವೇರ್ ಮಾಡಿ ಸರಿ ಮಾಡುತ್ತಿದ್ದೆವು. ಸುಮ್ನೆ ಒಂದು ಅಡ್ಡಗೆರೆ ಸಾಕಾದರೆ ನಾನು ಲೈನ್ ಬಳಸುವುದೇ ಇಲ್ಲ. 1 ಡಿಪಿ ಎತ್ತರದ ರೆಕ್ಟ್ಯಾಂಗಲ್ ಯಾವತ್ತೂ ಕೈಕೊಟ್ಟಿಲ್ಲ.

ಗ್ರೇಡಿಯಂಟ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಮೂರು ಬಣ್ಣದವರೆಗೆ ಕೊಡಬಹುದು, ಕೋನ 45ರ ಗುಣಕವಾಗಿಯೇ ಇರಬೇಕು. 0 ಅಂದರೆ ಎಡದಿಂದ ಬಲಕ್ಕೆ, 90 ಅಂದರೆ ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಕೆಳಕ್ಕೆ ಬೇಕಾದರೆ 270. ಹೊಸಬರು ಮೊದಲು 90 ಬರೆದು ಬಣ್ಣ ತಲೆಕೆಳಗಾಗಿದೆ ಎಂದು ಕೇಳಲು ಬರುತ್ತಾರೆ. ಫೋಟೋ ಮೇಲೆ ಬರಹ ಕಾಣಲಿ ಅಂತ ಕೆಳಗಡೆ ಕಪ್ಪು ಮಬ್ಬು ಹಾಕುವುದಕ್ಕೆ ಇದು ಅಚ್ಚುಕಟ್ಟು. ಅದಕ್ಕಿಂತ ನಾಜೂಕಾದ ಬಣ್ಣದ ಆಟ ಬೇಕಾದರೆ ಇಲ್ಲಿ ಹುಡುಕಬೇಡಿ.

ಮೂಲೆಗಳ ವಿಷಯದಲ್ಲಿ ಇದು ನಿಜಕ್ಕೂ ಚೆನ್ನಾಗಿದೆ. ಎರಡೂ ತುದಿ ಪೂರ್ತಿ ಗುಂಡಗಿರುವ ಬಟನ್ ಬೇಕಾದರೆ ಎತ್ತರದ ಅರ್ಧ ಎಷ್ಟು ಅಂತ ಲೆಕ್ಕ ಹಾಕಬೇಕಿಲ್ಲ. ರೇಡಿಯಸ್ 100 ಡಿಪಿ ಅಂತ ಬರೆದುಬಿಡಿ. ಚಿಕ್ಕ ಬದಿಯ ಅರ್ಧಕ್ಕಿಂತ ಮೇಲೆ ಅದು ಹೋಗುವುದಿಲ್ಲ. ಬಳಕೆದಾರರು ಅಕ್ಷರ ದೊಡ್ಡದು ಮಾಡಿಕೊಂಡು ಬಟನ್ ಎತ್ತರವಾದರೂ ತುದಿ ಗುಂಡಗೇ ಉಳಿಯುತ್ತದೆ. ಸ್ಟ್ರೋಕ್ ಆಕಾರದ ಗಡಿಯ ಒಳಗೇ ಬೀಳುತ್ತದೆ, ಹೊರಗೆ ಚೆಲ್ಲುವುದಿಲ್ಲ. ಇದರಿಂದ ಪಕ್ಕದ ವ್ಯೂ ಜೊತೆ ಅಳತೆ ಕೂಡಿಸುವುದು ಸುಲಭ.

ಮೇಲಿನ ಎರಡು ಮೂಲೆ ಮಾತ್ರ ಗುಂಡಗೆ ಮಾಡಿದಾಗ ಒಂದು ಕಿರಿಕಿರಿ ಇದೆ. ಒಳಗೆ ಫೋಟೋ ಇಟ್ಟರೆ ಅದರ ಚೂಪು ಮೂಲೆ ಹೊರಗೆ ಇಣುಕುತ್ತದೆ. ಬ್ಯಾಕ್‌ಗ್ರೌಂಡ್‌ನ ಆಕಾರಕ್ಕೆ ಒಳಗಿನದನ್ನು ಕತ್ತರಿಸಲು ಕ್ಲಿಪ್‌ಟುಔಟ್‌ಲೈನ್ ಇದೆ. ಆದರೆ ಆಂಡ್ರಾಯ್ಡ್ 13ಕ್ಕೆ ಮುಂಚೆ ಅದು ಕೇಳುತ್ತಿದ್ದದ್ದು ಆಯತ, ವೃತ್ತ, ನಾಲ್ಕೂ ಮೂಲೆ ಒಂದೇ ಸಮ ಇರುವ ಆಯತ ಇಷ್ಟನ್ನೇ. ನಾನು ಕಂಡುಕೊಂಡ ದಾರಿ: ನಾಲ್ಕೂ ಮೂಲೆ ಗುಂಡಗೆ ಮಾಡಿ, ಕೆಳಗಿನ ಎರಡನ್ನು ಪರದೆಯಾಚೆ ತಳ್ಳುವುದು. ಪರದೆಯ ಕೆಳಗಿನಿಂದ ಮೇಲೇಳುವ ಬಾಟಮ್ ಶೀಟ್‌ಗೆ ಇದು ಸರಿಹೋಗುತ್ತದೆ, ಬೇರೆ ಕಡೆ ಕಷ್ಟ.

ಕೋಡ್‌ನಿಂದ ಬಣ್ಣ ಬದಲಿಸುವವರು ಇಲ್ಲಿ ನಿಧಾನಿಸಿ ಓದಿ. ನಮ್ಮ ಒಂದು ಆ್ಯಪ್‌ನಲ್ಲಿ ಕೆಲಸಗಳ ಪಟ್ಟಿ ಇತ್ತು. ಪ್ರತಿ ಸಾಲಿನ ಎಡಕ್ಕೆ ಓವಲ್ ಶೇಪ್‌ನ ಒಂದು ಚುಕ್ಕಿ. ಮುಗಿದ ಕೆಲಸಕ್ಕೆ ಹಸಿರು, ತಡವಾದದ್ದಕ್ಕೆ ಕೆಂಪು. ಒಂದು ಕೆಲಸ ತಡವಾದ ತಕ್ಷಣ ಮುಗಿದ ಕೆಲಸಗಳ ಚುಕ್ಕಿಗಳೂ ಕೆಂಪಾಗತೊಡಗಿದವು. ಡೇಟಾ ತಪ್ಪಿದೆ ಎಂದು ಡೇಟಾಬೇಸ್‌ವರೆಗೆ ಹೋಗಿ ಬಂದೆವು. ಅಲ್ಲೆಲ್ಲ ಸರಿಯಿತ್ತು. ಒಂದೇ ಶೇಪ್ ಫೈಲಿನಿಂದ ಹುಟ್ಟಿದ ಡ್ರಾಯಬಲ್‌ಗಳೆಲ್ಲ ಮೆಮೊರಿ ಉಳಿಸಲು ಒಳಗಿನ ಸ್ಥಿತಿಯನ್ನು ಹಂಚಿಕೊಂಡಿರುತ್ತವೆ. ಒಂದರ ಬಣ್ಣ ಮುಟ್ಟಿದರೆ ಎಲ್ಲದಕ್ಕೂ ತಾಗುತ್ತದೆ. ಮ್ಯೂಟೇಟ್ ಅನ್ನುವ ಮೆಥಡ್ ಕರೆದರೆ ಆ ಒಂದಕ್ಕೆ ತನ್ನದೇ ಪ್ರತಿ ಸಿಗುತ್ತದೆ. ಆಮೇಲೆ ಬಣ್ಣ ಬದಲಿಸಬೇಕು. ಒಂದೇ ಒಂದು ಪದ, ಆದರೆ ಅದನ್ನು ಬಿಟ್ಟದ್ದಕ್ಕೆ ಬಳಕೆದಾರರಿಗೆ ತಪ್ಪು ಮಾಹಿತಿ ಹೋಯಿತು. ಅದು ನನಗೆ ಈಗಲೂ ಚುಚ್ಚುತ್ತದೆ.

ಇಲ್ಲೇ ಇನ್ನೊಂದು ಗೊಂದಲ. ಟ್ಯಾಗ್ ಹೆಸರು ಶೇಪ್, ಹಾಗಾಗಿ ಕೋಡ್‌ನಲ್ಲಿ ಇದು ಶೇಪ್‌ಡ್ರಾಯಬಲ್ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ನಿಜದಲ್ಲಿ ಸಿಗುವುದು ಗ್ರೇಡಿಯಂಟ್‌ಡ್ರಾಯಬಲ್, ಒಳಗೆ ಗ್ರೇಡಿಯಂಟೇ ಇಲ್ಲದಿದ್ದರೂ. ಶೇಪ್‌ಡ್ರಾಯಬಲ್ ಎಂಬ ಬೇರೆಯೇ ಕ್ಲಾಸ್ ಇದೆ. ಅದಕ್ಕೆ ಕ್ಯಾಸ್ಟ್ ಮಾಡಿದರೆ, ಅಂದರೆ ಇದು ಅದೇ ಬಗೆಯದು ಎಂದು ಕೋಡ್‌ನಲ್ಲಿ ಹೇಳಿದರೆ, ಆ್ಯಪ್ ಕ್ರ್ಯಾಶ್. ಪ್ಯಾಡಿಂಗ್ ಇರುವ ಶೇಪನ್ನು ಕೋಡ್‌ನಿಂದ ಬ್ಯಾಕ್‌ಗ್ರೌಂಡ್ ಆಗಿ ಹಾಕಿದರೆ ಲೇಔಟ್‌ನಲ್ಲಿ ನೀವು ಕೊಟ್ಟಿದ್ದ ಪ್ಯಾಡಿಂಗ್ ಹೋಗಿ ಇದರದ್ದು ಬರುತ್ತದೆ. ಅದಕ್ಕೇ ನಾನು ಶೇಪ್ ಒಳಗೆ ಪ್ಯಾಡಿಂಗ್ ಬರೆಯುವುದನ್ನು ಬಿಟ್ಟಿದ್ದೇನೆ.

ಹೊಸಬರು ಹೆಚ್ಚು ಕೇಳುವ ಪ್ರಶ್ನೆ ಬಟನ್ ಬಣ್ಣದ್ದು. ಶೇಪ್‌ನಲ್ಲಿ ಕಿತ್ತಳೆ ಬರೆದಿದ್ದೇನೆ, ಬಟನ್ ಮಾತ್ರ ನೇರಳೆಯಾಗಿಯೇ ಇದೆ, ಯಾಕೆ? ಪ್ರಾಜೆಕ್ಟ್‌ನ ಥೀಮ್ ಮೆಟೀರಿಯಲ್ (ಗೂಗಲ್‌ನ ವಿನ್ಯಾಸ ಪದ್ಧತಿ) ಇದ್ದಾಗ ಬಟನ್ ಎಂದು ಬರೆದದ್ದು ಮೆಟೀರಿಯಲ್‌ಬಟನ್ ಆಗುತ್ತದೆ. ಅದು ನಿಮ್ಮ ಶೇಪ್ ಮೇಲೆ ಥೀಮ್‌ನ ಮುಖ್ಯ ಬಣ್ಣ ಬಳಿಯುತ್ತದೆ. ಬ್ಯಾಕ್‌ಗ್ರೌಂಡ್‌ಟಿಂಟ್ ಅನ್ನು ನಲ್ ಮಾಡಿದರೆ ನಿಮ್ಮ ಬಣ್ಣ ಕಾಣುತ್ತದೆ. ಆದರೆ ನನ್ನ ಸಲಹೆ, ಅಲ್ಲಿ ಶೇಪ್ ಫೈಲ್ ಬೇಡ. ಆ ಬಟನ್‌ಗೆ ಮೂಲೆಯ ಅಳತೆ ಹೇಳುವ ತನ್ನದೇ ಗುಣ ಇದೆ, ಒತ್ತಿದಾಗ ಹರಡುವ ಅಲೆಯೂ ಜೊತೆಗೇ ಬರುತ್ತದೆ. ಬರೀ ಶೇಪ್ ಹಾಕಿದ ವ್ಯೂ ಒತ್ತಿದರೆ ಕಲ್ಲಿನ ಹಾಗೆ ಸುಮ್ಮನಿರುತ್ತದೆ. ಅಲೆ ಬೇಕಾದರೆ ಅದನ್ನು ರಿಪಲ್ ಟ್ಯಾಗ್‌ನೊಳಗೆ ಇಡಬೇಕು.

ಕಾಲ ಹೋದಂತೆ ಫೈಲ್‌ಗಳ ರಾಶಿ ಬೆಳೆಯುತ್ತದೆ. ನಮ್ಮಲ್ಲಿ ಒಂದು ಹಂತದಲ್ಲಿ ಎಪ್ಪತ್ತಕ್ಕೂ ಜಾಸ್ತಿ ಶೇಪ್ ಫೈಲ್ ಇದ್ದವು. ಅರ್ಧಕ್ಕರ್ಧ ಬಣ್ಣವೊಂದು ಬಿಟ್ಟರೆ ತದ್ರೂಪ. ಹೆಸರುಗಳೂ ಹಾಗೇ: ನೀಲಿ ಬಟನ್, ಬಿಳಿ ಕಾರ್ಡ್. ಆಂಡ್ರಾಯ್ಡ್ 10ರ ಜೊತೆ ಡಾರ್ಕ್ ಥೀಮ್ ಬಂದಾಗ ಬಿಳಿ ಕಾರ್ಡ್ ಎಂಬ ಫೈಲಿನೊಳಗೆ ಬೂದು ಬಣ್ಣ ಕೂತಿತು. ಓದಿದವರಿಗೆ ತಲೆಬುಡ ಗೊತ್ತಾಗುತ್ತಿರಲಿಲ್ಲ. ಈಗ ಹೆಸರಿನಲ್ಲಿ ಬಣ್ಣ ಬರೆಯುವುದಿಲ್ಲ, ಕೆಲಸ ಬರೆಯುತ್ತೇವೆ. ಬಣ್ಣಕ್ಕೆ ಥೀಮ್‌ನ ಗುಣವನ್ನು ತೋರಿಸುತ್ತೇವೆ. ಇದು ಆಂಡ್ರಾಯ್ಡ್ 5.0ರಿಂದ ಮಾತ್ರ ನಡೆಯುತ್ತದೆ. 4.4 ಫೋನ್‌ಗಳನ್ನು ಬೆಂಬಲಿಸುತ್ತಿದ್ದ ಕಾಲದಲ್ಲಿ ಹೀಗೆ ಬರೆದು ಆ್ಯಪ್ ಬಿದ್ದದ್ದೂ ಉಂಟು.

2021ರ ಜುಲೈನಲ್ಲಿ, ಎಕ್ಸ್‌ಎಮ್‌ಎಲ್ ಬಿಟ್ಟು ಕಾಟ್ಲಿನ್‌ನಲ್ಲೇ ಸ್ಕ್ರೀನ್ ಬರೆಯುವ ಜೆಟ್‌ಪ್ಯಾಕ್ ಕಂಪೋಸ್ 1.0 ಬಂದ ಮೇಲೆ ಹೊಸ ಸ್ಕ್ರೀನ್‌ಗಳನ್ನು ಅದರಲ್ಲೇ ಬರೆಯುತ್ತಿದ್ದೇವೆ. ಅಲ್ಲಿ ಗುಂಡು ಮೂಲೆ ಒಂದು ಸಾಲಿನ ಕಾಟ್ಲಿನ್ ಕೋಡ್. ಹಳೆಯ ಶೇಪ್ ಫೈಲನ್ನು ಕಂಪೋಸ್‌ನಲ್ಲಿ ಚಿತ್ರ ತರುವ ಪೇಂಟರ್‌ರಿಸೋರ್ಸ್‌ಗೆ ಕೊಟ್ಟರೆ ಒಪ್ಪುವುದಿಲ್ಲ. ಅದಕ್ಕೆ ವೆಕ್ಟರ್ ಅಥವಾ ಪಿಎನ್‌ಜಿಯಂಥ ಚಿತ್ರವೇ ಬೇಕು. ಇಲ್ಲಿ ಮಾತ್ರ ಅದು ಕ್ರ್ಯಾಶ್ ಆಗಿ ಕಾರಣವನ್ನೂ ಸ್ಪಷ್ಟವಾಗಿ ಹೇಳುತ್ತದೆ, ನನಗೆ ಅದು ಎಷ್ಟೋ ವಾಸಿ. ಇವತ್ತು ಪೂರ್ತಿ ಕಂಪೋಸ್‌ನಲ್ಲಿ ಹೊಸ ಆ್ಯಪ್ ಶುರು ಮಾಡುವವರು ಶೇಪ್ ಫೈಲನ್ನು ಆಳವಾಗಿ ಕಲಿಯಬೇಕಿಲ್ಲ. ವ್ಯೂ ಲೇಔಟ್‌ಗಳಿರುವ ಆ್ಯಪ್ ನೋಡಿಕೊಳ್ಳುವವರಿಗೆ ಇದು ಬೇಕೇ ಬೇಕು. ಅಂಥವರಿಗಾಗಿ ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಆ ಮೌನಕ್ಕೆ.

ಕಳೆದ ವಾರ ಹೋಮ್ ಸ್ಕ್ರೀನ್ ವಿಜೆಟ್‌ಗೆ ಒಂದು ಹೊಸ ಶೇಪ್ ಬರೆದೆ. ನಮ್ಮ ವಿಜೆಟ್ ಇನ್ನೂ ಎಕ್ಸ್‌ಎಮ್‌ಎಲ್ ಲೇಔಟ್‌ನಲ್ಲೇ ಇದೆ. ಆಂಡ್ರಾಯ್ಡ್ 12ರಿಂದ ವಿಜೆಟ್‌ನ ಮೂಲೆ ಎಷ್ಟು ಗುಂಡಗಿರಬೇಕು ಅನ್ನುವ ಅಳತೆಯನ್ನು ಸಿಸ್ಟಮ್ಮೇ ಕೊಡುತ್ತದೆ. ಹೊಸ ಫೋನ್‌ಗಳಿಗೆ ಆ ಅಳತೆ, ಹಳೆಯವಕ್ಕೆ 16 ಡಿಪಿ, ಎರಡನ್ನೂ ಡೈಮೆನ್ಸ್‌ನಲ್ಲಿ ಇಟ್ಟೆ. ಶೇಪ್ ಫೈಲ್ ಒಂದೇ. ಎಂಟು ಸಾಲು ಇರಬಹುದು. ಎರಡು ಫೋನ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಮೂಲೆ ಸರಿಯಾಗಿ ಬಂದಿತ್ತು.