ವಾಟರ್ ಬ್ರಷ್ ಒಯ್ಯುವುದೋ, ಕುಂಚ ಮತ್ತು ನೀರಿನ ಡಬ್ಬಿಯೋ?

ಹೊರಗೆ ಕೂತು ಜಲವರ್ಣ ಮಾಡುವವರು ಮೊದಲು ಯೋಚಿಸಬೇಕಾದ ವಸ್ತು ನೀರು. ಬಣ್ಣ ಎಷ್ಟಿರಬೇಕು ಎಂದು ತಲೆ ಕೆಡಿಸಿಕೊಳ್ಳುವ ಮೊದಲು ನೀರು ಹೇಗೆ ಒಯ್ಯುವುದು ಎಂದು ತೀರ್ಮಾನಿಸಿದರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ. ಒಂದೇ ಕಾಗದ, ಒಂದೇ ಬಣ್ಣ ಇಟ್ಟುಕೊಂಡು ಎರಡೂ ಬಗೆಯನ್ನು ಬಳಸಿ ನೋಡಿದಾಗ ಕಂಡದ್ದು ಇದು.

ವಾಟರ್ ಬ್ರಷ್‌ನ ಹಿಡಿಕೆಯೊಳಗೇ ನೀರು ಇರುತ್ತದೆ. ಒಂದು ಕೈಯಲ್ಲಿ ಸ್ಕೆಚ್‌ಬುಕ್ ಹಿಡಿದು ನಿಂತಲ್ಲೇ ಬಣ್ಣ ಹಾಕಬಹುದು. ಈ ಸುಖಕ್ಕೆ ಸಾಟಿಯಿಲ್ಲ. ತೊಡಕೆಂದರೆ, ನೀರು ಸದಾ ತುದಿಗೆ ಇಳಿಯುತ್ತಲೇ ಇರುತ್ತದೆ. ಗಾಢವಾಗಿ ಶುರುವಾದ ಗೆರೆ ನಾಲ್ಕು ಬೆರಳು ದೂರ ಹೋಗುವಷ್ಟರಲ್ಲಿ ಪೇಲವ. ಅರ್ಧ ಒಣಗಿದ ವಾಶ್ (ನೀರು ಬೆರೆಸಿ ಹರಡಿದ ತೆಳು ಬಣ್ಣದ ಪದರ) ಮೇಲೆ ಒಂದು ಹನಿ ಬಿದ್ದರಂತೂ ಮುಗಿಯಿತು: ಆ ನೀರು ಬಣ್ಣದ ಕಣಗಳನ್ನು ಸುತ್ತಲೂ ತಳ್ಳಿ, ಒಣಗಿದ ಮೇಲೆ ಹೂಕೋಸಿನ ಅಂಚಿನಂಥ ಕಲೆ ಉಳಿಸುತ್ತದೆ. ಕಾಗದ ಪೂರ್ತಿ ಒಣಗುವ ತನಕ ಆ ಜಾಗ ಮುಟ್ಟಬೇಡಿ.

ಅರ್ಧ ಖಾಲಿಯಾದ ಹಿಡಿಕೆ ಬಿಸಿಲಿಗೆ ಕಾದರೆ ಒಳಗಿನ ಗಾಳಿ ಹಿಗ್ಗಿ ನೀರನ್ನು ಹೊರದಬ್ಬುತ್ತದೆ. ತುದಿ ಮೇಲೆ ಮಾಡಿ ಇಟ್ಟರೆ ಗಾಳಿ ಮಾತ್ರ ಹೊರಹೋಗುತ್ತದೆ. ನೈಲಾನ್ ಕೂದಲಿಗೆ ಹತ್ತಿದ ಬಣ್ಣದ ಕರೆ ಹೋಗದಿದ್ದರೂ ಚಿಂತೆಯಿಲ್ಲ. ಆದರೆ ಬುಡದಲ್ಲಿ ಅಡಗಿದ ಬಣ್ಣ ಮುಂದಿನ ಹಳದಿಯನ್ನು ಕೆಡಿಸುತ್ತದೆ. ಹಿಡಿಕೆ ಒತ್ತುತ್ತಾ, ಬಟ್ಟೆಯ ಮೇಲೆ ಬಣ್ಣವಿಲ್ಲದ ತಿಳಿ ನೀರು ಬರುವವರೆಗೂ ಒರೆಸಿ.

ಮುಚ್ಚಳವೇ ಹಿಡಿಕೆಯಾಗುವ ಟ್ರಾವೆಲ್ ಕುಂಚ ಬೇರೆಯೇ ಲೋಕ. 8ನೇ ಸಂಖ್ಯೆಯ ರೌಂಡ್ (ಹೊಟ್ಟೆ ದುಂಡಗೆ, ತುದಿ ಚೂಪಾದ ಕುಂಚ) ಒಂದಿದ್ದರೆ ಅದರ ಹೊಟ್ಟೆ ಹಿಡಿಯುವ ಬಣ್ಣದಲ್ಲಿ ಆಕಾಶದ ವಾಶ್ ಎಲ್ಲೂ ಕಡಿಯದೆ ಇಳಿಯುತ್ತದೆ. ತುದಿಯಲ್ಲಿ ಕಿಟಕಿಯ ಸರಳೂ ಮೂಡುತ್ತದೆ. ತೇವ ಹೆಚ್ಚಾಯಿತೆನಿಸಿದರೆ ಕುಂಚದ ಹೊಟ್ಟೆಯನ್ನು ಹಳೆ ಹತ್ತಿ ಬಟ್ಟೆಗೆ ಒಮ್ಮೆ ತಾಗಿಸಿ, ತುದಿಯನ್ನಲ್ಲ. ಈ ಹಿಡಿತ ವಾಟರ್ ಬ್ರಷ್‌ನಲ್ಲಿ ಸಿಗುವುದಿಲ್ಲ. ಬದಲಿಗೆ 100 ಮಿ.ಲೀ. ನೀರು, ತೊಳೆಯಲು ಒಂದು, ಬಣ್ಣ ಕಲಸಲು ಒಂದು, ಹೀಗೆ ಎರಡು ಪುಟ್ಟ ಡಬ್ಬಿ, ಕೂರಲು ಜಾಗ, ಇಷ್ಟೂ ಬೇಕು. ಒದ್ದೆ ಕುಂಚವನ್ನು ಮುಚ್ಚಳದೊಳಗೆ ದಿನಗಟ್ಟಲೆ ಬಿಟ್ಟರೆ ಬೂಸು ಹಿಡಿಯುತ್ತದೆ. ಮುಚ್ಚುವಾಗ ಒಂದು ಕೂದಲು ಹೊರಗುಳಿದರೂ ತುದಿ ಸೊಟ್ಟಗಾಗುತ್ತದೆ.

ಪೆನ್ನಿನ ಗೆರೆಗೆ ಬಣ್ಣ ಸವರುವ ಅಂಗೈಯಗಲದ ಕೆಲಸಕ್ಕೆ ವಾಟರ್ ಬ್ರಷ್ ಸಾಕು. ಎ5 (ಎ4 ಹಾಳೆಯ ಅರ್ಧ) ದಾಟಿದರೆ, ಅಥವಾ ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಹರಿಸಬೇಕಿದ್ದರೆ, ನನ್ನ ಓಟು ಕುಂಚಕ್ಕೆ. ಜೊತೆಗೆ ಒಂದು ವಾಟರ್ ಬ್ರಷ್ ಇಟ್ಟುಕೊಂಡರೆ ಬಣ್ಣದ ಡಬ್ಬಿಯಲ್ಲಿ ಒಣಗಿದ ಬಣ್ಣದ ಮೇಲೆ ಹನಿ ಬಿಟ್ಟು ನೆನೆಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಬಣ್ಣಕ್ಕೆ ಖಾಲಿ ಹಾಫ್ ಪ್ಯಾನ್ (ಬಣ್ಣ ತುಂಬುವ ಪುಟ್ಟ ಬಟ್ಟಲು) ತಂದು ಟ್ಯೂಬಿನಿಂದ ತುಂಬಿಕೊಳ್ಳುವುದೇ ಲೇಸು. ಪ್ಯಾನನ್ನು ಒಂದೇ ಸಲಕ್ಕೆ ತುಂಬಿದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಎರಡು ಮೂರು ಪದರವಾಗಿ ಹಾಕಿ, ಪ್ರತಿ ಪದರವನ್ನೂ ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ತೆಗೆದು, ಗಟ್ಟಿಯಾದ ಮೇಲೆ ಮುಂದಿನದು. ಜೇನು ಸೇರಿದ ಬಣ್ಣ ತೇವದ ಹವೆಯಲ್ಲಿ ಅಂಟಂಟಾಗಿಯೇ ಉಳಿದು ಡಬ್ಬಿ ವಾಲಿದಾಗ ಹರಿಯಬಹುದು. ಆರು ಬಣ್ಣ ಸಾಕು. ಅಲ್ಟ್ರಾಮರೀನ್ (ಗಾಢ ನೀಲಿ) ಮತ್ತು ಬರ್ನ್ಟ್ ಸಿಯೆನ್ನಾ (ಕೆಂಗಂದು) ಮಾತ್ರ ಬಿಡಬೇಡಿ. ಅವೆರಡೂ ಬೆರೆತರೆ ನೆರಳಿಗೆ ಬೇಕಾದ ಬೂದು ಬಣ್ಣಗಳೆಲ್ಲ ಸಿಗುತ್ತವೆ, ಕಪ್ಪು ಟ್ಯೂಬ್ ಮನೆಯಲ್ಲೇ ಉಳಿಯಬಹುದು.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕ) ಇರಲಿ. ತೆಳುವಾದರೆ ವಾಶ್ ಬಿದ್ದೊಡನೆ ಉಬ್ಬಿ, ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ. ಗಾಳಿಗೆ ಹಾಳೆ ಮಗುಚದಂತೆ ಎರಡು ಬೈಂಡರ್ ಕ್ಲಿಪ್. ಪೆನ್ನಿನ ಇಂಕು ನೀರಿಗೆ ನಿಲ್ಲುತ್ತದೆಯೇ ಎಂದು ಅದೇ ಕಾಗದದ ಮೂಲೆಯಲ್ಲಿ ಗೆರೆ ಎಳೆದು, ಐದು ನಿಮಿಷ ಬಿಟ್ಟು, ಒದ್ದೆ ಕುಂಚ ಆಡಿಸಿ ನೋಡಿಕೊಂಡೇ ಹೊರಡಿ.